ಎರಡು ಸಲ ಎಣಸ್ರಿ

ಹಾಸ್ಟೆಲಿನ ಕೆಂಪು ಬಕೀಟುಗಳಲ್ಲಿ
ಉಸುಕು ಇದೆ ಅಂತ ಕಡತದಲ್ಲಿತ್ತು.
ಮೊದಲ ಮಹಡಿಯದರಲ್ಲಿ ಯಾರೋ ಕೊತ್ತಂಬರಿ ಬಿತ್ತಿದ್ದರು,
ಎರಡನೆಯದರಲ್ಲಿ ಬೆಕ್ಕು ಈದಿತ್ತು,
ಮೂರನೆಯದು ನಮ್ಮದು:
ಚಹಾ ಕುಡಿದ ಕಾಗದದ ಲೋಟ, ತಲೆಗೂದಲ ಉಂಡೆ,
ಯಾರದೆಂದು ಯಾರೂ ಒಪ್ಪದ ಒಂಟಿ ಚಪ್ಪಲಿ.

ಹುಬ್ಬಳ್ಳಿ ಅಗ್ನಿಶಾಮಕದಲ್ಲಿ ಇಪ್ಪತ್ತೆಂಟು ವರ್ಷ ದುಡಿದ
ನದಾಫ ಸಾಹೇಬರು ಒಂದೊಂದನ್ನೂ ಬಗ್ಗಿ ನೋಡಿದರು.
ಬೈಯಲಿಲ್ಲ.
ಬೆಕ್ಕಿನ ಮರಿ ಎತ್ತಿ ವಾರ್ಡನ್ ಕೈಗಿಟ್ಟು,
"ಬೆಂಕಿ ಅರ್ಜಿ ಕೊಟ್ಟು ಬರೂದಿಲ್ರಿ ಅಕ್ಕಾರ" ಅಂದರು.

ಆ ಶನಿವಾರ ಕಲಿತದ್ದು ಬಹಳ.
ಲಿಫ್ಟೇ ಇಲ್ಲದ ಕಟ್ಟಡದಲ್ಲಿ
ಲಿಫ್ಟ್ ಹತ್ತಬಾರದೆಂದೂ ಕಲಿತು ನಕ್ಕೆವು.
ಹೊಗೆಯಲ್ಲಿ ತೆವಳುವುದು,
ಒದ್ದೆ ದುಪಟ್ಟಾ ಮೂಗಿಗೆ ಕಟ್ಟುವುದು,
ಮೆಟ್ಟಿಲು ಎಣಿಸಿಟ್ಟುಕೊಳ್ಳುವುದು, ಕತ್ತಲಿಗೆ ಅಂತ.
"ಚಿಲಕಕ್ಕ ಹಿಂಗೈ ಹಚ್ಚಿ ನೋಡ್ರಿ, ಅಂಗೈ ಅಲ್ಲ.
ಅಂಗೈ ನಾಳೆ ಬರಿಯಾಕ ಬೇಕು, ರೊಟ್ಟಿ ಬಡಿಯಾಕ ಬೇಕು."

ನನ್ನ ಕೊರಳಿಗೆ ಹಸಿರು ದಾರದ ಸೀಟಿ ಬಿತ್ತು,
ಕೈಗೆ ನಲವತ್ತೇಳು ಹೆಸರಿನ ಹಾಳೆ.
"ಕೆಳಗ ಬಂದಮ್ಯಾಲೆ ಎರಡು ಸಲ ಎಣಸ್ರಿ,
ಒಮ್ಮೆ ಬೆರಳಿಲೆ, ಒಮ್ಮೆ ಹೆಸರಿಲೆ."
ಎರಡು ಸಲ ಯಾಕೆಂದು ನಾನು ಕೇಳಲಿಲ್ಲ.

ಆಷಾಢದ ಗುರುವಾರ, ಬೆಳಗಿನ ಐದೂವರೆ.
ಧಾರವಾಡದ ಜಿಟಿಜಿಟಿ ಹಿಡಿದು ಮೂರನೇ ದಿನ.
ಬಾರಿಸಿದ್ದು ಊಟದ ಗಂಟೆಯೇ,
ಬಾರಿಸಿದ ಕೈ ಬೇರೆ.
ಮೆಹರುನ್ನಿಸಾ ಬಾಯಿತುಂಬ ನೊರೆ ಹೊತ್ತು ಇಳಿದಳು,
ನೀಲಗಂಗಾ ಅರ್ಧ ಬರೆದ ಪ್ರಬಂಧ ಎದೆಗವಚಿ,
ಪ್ರೇಮಾ ಹಡಪದ ಶೇಂಗಾ ಚಟ್ನಿಯ ಡಬ್ಬಿ ಹಿಡಿದು:
"ಅವ್ವ ಕುಟ್ಟಿ ಕಳಿಸ್ಯಾಳ, ಸುಟ್ಟರ ಮತ್ತ ಸಿಗತೈತೇನು?"

ಹುಣಸೇಮರದ ಕೆಳಗೆ ಬೆರಳಿಂದ ಎಣಿಸಿದೆ.
ನಲವತ್ತೇಳು. ಸರಿ.
ಹೆಸರಿಂದ ಕರೆದೆ.
ನಲವತ್ತಾರು.
ಮೆಸ್ಸಿನ ಅಡುಗೆಯಾಕೆಯ ಮಗಳು
ನಮ್ಮ ಸಾಲಿನಲ್ಲಿ ನಿಂತು ನಗುತ್ತಿದ್ದಳು.

ದಾಕ್ಷಾಯಣಿ ಹೊಂಬಳ.
ದಾಕ್ಷಾಯಣಿ ಹೊಂಬಳ!
ಮರ ಹನಿ ಉದುರಿಸಿತು.
ಪಕ್ಕದ ಕೋಣೆಯವಳು. ಮೂರು ವಾರದಿಂದ
"ಜ್ವರ" ಅಂದಿದ್ದಳು. ನಾವೂ ಜ್ವರ ಅಂದುಕೊಂಡೆವು.

ಒಬ್ಬರೇ ಒಳಗೆ ತಿರುಗಿ ಹೋಗಬಾರದು; ಹೇಳಬೇಕು.
ಹೇಳಿದೆ. ಸಾಹೇಬರು ಜೊತೆಗೆ ಬಂದರು,
ಮೊಣಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು.
ಚಿಲಕಕ್ಕೆ ಹಿಂಗೈ ಹಚ್ಚಿದೆ.
ತಣ್ಣಗಿತ್ತು.

ಮಂಚದ ಮೇಲೆ ಕೂತಿದ್ದಳು, ಚಪ್ಪಲಿ ಮೆಟ್ಟದೆ.
"ಗಂಟಿ ಕೇಳಲಿಲ್ಲೇನ?"
"ಕೇಳ್ತು.
ಖರೇನ ಬೆಂಕಿ ಹತ್ತೇತಿ ಅಂತ ತಿಳದಿದ್ದೆ."

ಆ ಮಾತಿಗೆ ಕಟ್ಟಲು ಯಾವ ಒದ್ದೆ ಬಟ್ಟೆಯೂ
ನನ್ನ ಹತ್ತಿರ ಇರಲಿಲ್ಲ.

ಸಾಹೇಬರು ಹೊಸ್ತಿಲ ಮೇಲೆ ಕೂತರು. ನೀರು ಕೇಳಿದರು.
ಅವಳೇ ಎದ್ದು ಕೊಟ್ಟಳು.
ಪೂರ್ತಿ ಕುಡಿದು, ಲೋಟ ಕೆಳಗಿಟ್ಟು,
"ಮೆಟ್ಟಲಾ ಎಷ್ಟದಾವ ಎಣಸೀಯೇನವಾ?" ಅಂದರು.
"ಇಲ್ಲ."
"ನಡಿ, ಎಣಸೂಣು. ನನಗೂ ಲೆಕ್ಕ ತಪ್ಪೇತಿ."

ಕೈ ಅವಳ ಹೆಗಲ ಮೇಲೆ ನನ್ನದು.
ಇಪ್ಪತ್ತರ ತನಕ ಎಣಿಸಿ ನಿಂತಳು, ಅತ್ತಳು,
ಮತ್ತೆ ಇಪ್ಪತ್ತರಿಂದ ಶುರು ಮಾಡಿದಳು.
ಕೆಳಗೆ ನಲವತ್ತಾರು ಜನ ಮಳೆಯಲ್ಲಿ ನೆನೆಯುತ್ತ
ಬೈಯುತ್ತ, ಆದರೂ ನಿಂತೇ ಇದ್ದರು.
ಹಾಳೆಯಲ್ಲಿ ಅವಳ ಹೆಸರಿಗೆ ಗೆರೆ ಹಾಕುವಾಗ
ಶಾಯಿ ಹರಡಿತು.

ಈಗ ಮಂಗಳವಾರಕ್ಕೊಮ್ಮೆ ನಗರ ಬಸ್ಸು ಹಿಡಿದು
ಡಾಕ್ಟರ ಹತ್ತಿರ ಹೋಗಿ ಬರುತ್ತೇವೆ.
ಕೆಲವು ಮಂಗಳವಾರ ಅವಳು ಬರುವುದಿಲ್ಲ ಅನ್ನುತ್ತಾಳೆ,
ನಾನು ಬಾಗಿಲಲ್ಲಿ ನಿಂತಿರುತ್ತೇನೆ.
ಮಂಚದ ಕೆಳಗೊಂದು ಚೀಲ: ಬ್ಯಾಟರಿ, ಓಆರ್‌ಎಸ್,
ಮಾರ್ಕ್ಸ್ ಕಾರ್ಡಿನ ನಕಲು, ಪ್ರೇಮಾಳ ಚಟ್ನಿ ಒಂದು ಪೊಟ್ಟಣ.
ಕೊತ್ತಂಬರಿ ಬಣ್ಣದ ಡಬ್ಬಿಗೆ ಸ್ಥಳಾಂತರ.
ಶನಿವಾರ ಉಸುಕು ಜರಡಿ ಹಿಡಿಯುವುದು ದಾಕ್ಷಾಯಣಿ;
ಒಂಟಿ ಚಪ್ಪಲಿ ತನ್ನದೆಂದು ಈಚೆಗೆ ಒಪ್ಪಿದ್ದಾಳೆ.

ಮೆಟ್ಟಿಲು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.
ನಾನು ಅರವತ್ತೊಂದು ಅನ್ನುತ್ತೇನೆ.
ಅವಳು ಅರವತ್ತೆರಡು:
"ಹೊಸ್ತಿಲಾ ಯಾಕ ಬಿಡತೀ?"